ಮೀನುಮರಿ ತರುವ ಮೊದಲು ಹೊಳೆಯ ಉದ್ದಕ್ಕೂ ಒಮ್ಮೆ ನಡೆದು ಬನ್ನಿ

“ಚಿಕ್ಕಂದಿನಲ್ಲಿ ನೋಡಿದ್ದ ಮೀನುಗಳು ಈಗ ನಮ್ಮ ಹೊಳೆಯಲ್ಲಿ ಕಾಣುತ್ತಿಲ್ಲ. ನಾಲ್ಕಾರು ಗೆಳೆಯರು ದುಡ್ಡು ಹಾಕಿ ಮೀನುಮರಿ ತಂದು ಬಿಡೋಣ ಅಂತಿದ್ದೇವೆ. ಇದರಿಂದ ಪ್ರಯೋಜನ ಇದೆಯೇ? ಎಲ್ಲಿಂದ ಶುರು ಮಾಡಬೇಕು?” ಎಂದು ಕೇಳಿದ್ದೀರಿ.

ಈಗಲೇ ಬಿಡಬೇಡಿ. ಮರಿ ಬಿಡುವುದು ಈ ಕೆಲಸದಲ್ಲಿ ಕಟ್ಟಕಡೆಗೆ ಬರುವಂಥದ್ದು, ಅದೂ ಅಗತ್ಯ ಬಿದ್ದರೆ ಮಾತ್ರ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ನೀವು ಈಗ ನಿಂತಿರುವ ಜಾಗದಲ್ಲೇ ಹಿಂದೊಮ್ಮೆ ನಾನೂ ನಿಂತಿದ್ದೆ.

ಹಲವು ವರ್ಷಗಳ ಹಿಂದೆ ಒಂದು ಗುಂಪಿನ ಜೊತೆ ಸೇರಿ ಸಾವಿರಾರು ಮರಿಗಳನ್ನು ಹೊಳೆಗೆ ಬಿಟ್ಟೆ. ಆಮ್ಲಜನಕ ತುಂಬಿದ ಚೀಲಗಳನ್ನು ನೀರಿನಲ್ಲಿ ತೇಲಿಬಿಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಬಿಸಿ ಒಂದಾಗುವವರೆಗೆ ಕಾದು, ನಿಧಾನವಾಗಿ ಬಾಯಿ ಬಿಚ್ಚಿದೆವು. ಮರಿಗಳು ಪುಳಕ್ಕನೆ ಹೊರಗೆ ಹೋದಾಗ ಎಲ್ಲರ ಮುಖದಲ್ಲೂ ಸಂತೋಷ. ಮುಂದಿನ ಬೇಸಿಗೆಯಲ್ಲಿ ಅದೇ ಜಾಗಕ್ಕೆ ಹೋದೆ. ಆಳವಾಗಿದ್ದ ಮಡುವಿನಲ್ಲಿ ಹೂಳು ತುಂಬಿ ನೀರು ಮೊಣಕಾಲುದ್ದಕ್ಕೆ ಇಳಿದಿತ್ತು. ಕೈ ಇಟ್ಟರೆ ನೀರು ಬೆಚ್ಚಗಿತ್ತು. ನಾವು ಬಿಟ್ಟ ಜಾತಿಯ ಒಂದು ಮೀನೂ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಮೊದಲಿದ್ದ ಮೀನು ಯಾಕೆ ಹೋಯಿತು ಎಂದು ನಮ್ಮಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಅದನ್ನು ಓಡಿಸಿದ ಕಾರಣ ಅಲ್ಲೇ ಕೂತಿತ್ತು, ಅದರ ಬಾಯಿಗೇ ನಾವು ಮರಿಗಳನ್ನು ಹಾಕಿ ಬಂದಿದ್ದೆವು. ಆ ದಿನದಿಂದ ನಾನು ಮೀನಿಗಿಂತ ಮೊದಲು ನೀರನ್ನು, ನೀರಿಗಿಂತ ಮೊದಲು ಅದರ ತಳವನ್ನು ನೋಡಲು ಕಲಿತೆ.

ಹೊಳೆ ಎಂದರೆ ನಮಗೆ ಹರಿಯುವ ನೀರು, ಅಷ್ಟೆ. ಮೀನಿಗೆ ಅದು ಹಲವು ಕೋಣೆಗಳ ಮನೆ. ಮೊಟ್ಟೆ ಇಡಲು ಒಂದು ಜಾಗ, ಮರಿ ಅಡಗಲು ಇನ್ನೊಂದು, ಬೇಸಿಗೆ ಕಳೆಯಲು ಆಳದ ಮಡು, ನೆರೆ ಬಂದಾಗ ರಭಸದಿಂದ ತಪ್ಪಿಸಿಕೊಳ್ಳಲು ದಡದ ಬೇರುಗಳ ಸಂದು. ಇವುಗಳಲ್ಲಿ ಒಂದು ಹೋದರೂ ಸಂತತಿ ಅಲ್ಲಿಗೆ ನಿಲ್ಲುತ್ತದೆ. ದೊಡ್ಡ ಮೀನು ಇನ್ನೂ ಹತ್ತು ವರ್ಷ ಬದುಕಿರಬಹುದು, ಹಿಡಿದವರಿಗೆ “ಇದೆಯಲ್ಲ” ಎನ್ನಿಸಬಹುದು, ಆದರೆ ಮರಿಗಳೇ ಇರುವುದಿಲ್ಲ. ಜಲ್ಲಿಕಲ್ಲಿನ ಸಂದಿನಲ್ಲಿ ಮೊಟ್ಟೆ ಇಡುವ ಜಾತಿಯನ್ನೇ ನೋಡಿ. ಆ ಸಂದುಗಳಲ್ಲಿ ನೀರು ಓಡುತ್ತಿದ್ದರೆ ಮೊಟ್ಟೆಗೆ ಆಮ್ಲಜನಕ ಸಿಗುತ್ತದೆ. ಮೇಲಿನ ಹೊಲದಿಂದಲೋ ರಸ್ತೆ ಕೆಲಸದಿಂದಲೋ ಸಣ್ಣ ಮಣ್ಣು ಕೊಚ್ಚಿ ಬಂದು ಸಂದು ಮುಚ್ಚಿದರೆ ಮೊಟ್ಟೆ ಉಸಿರುಗಟ್ಟುತ್ತದೆ. ನೀರು ಮೇಲ್ನೋಟಕ್ಕೆ ತಿಳಿಯಾಗಿಯೇ ಇರುತ್ತದೆ. ಮರಳು, ಜಲ್ಲಿ ಎತ್ತಿದ ಕಡೆಯಂತೂ ಮೊಟ್ಟೆ ಇಡಲು ತಳವೇ ಉಳಿದಿರುವುದಿಲ್ಲ.

ನೆರಳಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಅದು ಏಳೂವರೆಗೆ ಇಳಿಯುತ್ತದೆ. ಬಿಸಿ ಏರಿದಷ್ಟೂ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ನೀರಿನಲ್ಲಿ ಇರುವುದು ಕಡಿಮೆ. ದಡದ ಮರ ಕಡಿದ ಹೊಳೆಯಲ್ಲಿ ಬೇಸಿಗೆಯ ಮಧ್ಯಾಹ್ನ ನಡೆಯುವುದು ಇದೇ.

ನೀರಿಗೆ ಬಿದ್ದ ಮರವನ್ನು ನಾವು ಕಸ ಎಂದುಕೊಳ್ಳುತ್ತೇವೆ. ಆಸ್ಟ್ರೇಲಿಯಾದ ಮರ್ರಿ ನದಿಯಲ್ಲೂ ಹಾಗೇ ಅಂದುಕೊಂಡಿದ್ದರು. ಹಡಗುಗಳಿಗೆ ಅಡ್ಡಿ, ನೀರಿನ ಓಟಕ್ಕೆ ಅಡ್ಡಿ ಎಂದು ಒಂದು ಶತಮಾನಕ್ಕೂ ಹೆಚ್ಚು ಕಾಲ ನದಿಯೊಳಗಿನ ಕೊರಡು, ಬೊಡ್ಡೆಗಳನ್ನೆಲ್ಲ ಎಳೆದು ಹಾಕಿದರು. ಅಲ್ಲಿನ ಮರ್ರಿ ಕಾಡ್ ಎಂಬ ಮೀನು ನೂರು ಕಿಲೋ ಮೀರಿ ಬೆಳೆಯಬಲ್ಲದು. ಮೊಟ್ಟೆ ಅಂಟಿಸಲು ಅದಕ್ಕೆ ಗಟ್ಟಿ ಮೈ ಬೇಕು, ಟೊಳ್ಳು ಬೊಡ್ಡೆಯೆಂದರೆ ಅದಕ್ಕೆ ತುಂಬ ಇಷ್ಟ. ಮರಿ ಹೊರಬರುವವರೆಗೂ ಗಂಡು ಅಲ್ಲೇ ಕಾವಲು ಕೂರುತ್ತದೆ. ಬೊಡ್ಡೆ ಹೋದ ಮೇಲೆ ಮನೆಯೇ ಹೋಯಿತು. ಮೀನುಗಾರಿಕೆ, ಅಣೆಕಟ್ಟು, ಹೊರಗಿನಿಂದ ಬಂದ ಕಾರ್ಪ್ ಮೀನು ಇವೆಲ್ಲ ಅದಕ್ಕೆ ಸೇರಿಕೊಂಡವು. ಆ ನದಿ ಬಯಲಿನಲ್ಲಿ ಸ್ಥಳೀಯ ಮೀನುಗಳು ಯೂರೋಪಿನವರು ಬರುವ ಮೊದಲು ಇದ್ದುದರ ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಿವೆ ಎಂದು 2003ರ ಹೊತ್ತಿಗೆ ಅಲ್ಲಿನ ನದಿ ಆಯೋಗವೇ ಅಂದಾಜು ಮಾಡಿತು.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟವಾದ ಕೆಲಸ. ಹ್ಯೂಮ್ ಅಣೆಕಟ್ಟಿನ ಕೆಳಗಿನ ಸುಮಾರು 110 ಕಿಲೋಮೀಟರ್ ಉದ್ದಕ್ಕೆ 4,450 ದಿಮ್ಮಿಗಳನ್ನು ಮತ್ತೆ ನದಿಗೆ ಇಳಿಸಿದರು. ಇಳಿಸಿ ಮನೆಗೆ ಹೋಗಲಿಲ್ಲ, ಏಳು ವರ್ಷ ಮೀನು ಎಣಿಸಿದರು. ನದಿಯ ಆ ಭಾಗದಲ್ಲಿ ಮರ್ರಿ ಕಾಡ್ ಸಂಖ್ಯೆ ಸುಮಾರು ಮೂರು ಪಟ್ಟಾಯಿತು. ಕಸ ಎಂದು ಎಳೆದು ಹಾಕಿದ್ದನ್ನೇ ದುಡ್ಡು ಕೊಟ್ಟು ಮರಳಿ ತಂದು ಹಾಕಬೇಕಾಯಿತು. ನಿಮ್ಮ ಹೊಳೆಯಲ್ಲಿ ಬಿದ್ದ ಮರ ಯಾವುದಾದರೂ ಇನ್ನೂ ಉಳಿದಿದ್ದರೆ, ಅದರಿಂದ ಸೇತುವೆಗೋ ಮನೆಗೋ ಅಪಾಯವಿಲ್ಲದಿದ್ದರೆ, “ಸ್ವಚ್ಛತಾ ಕೆಲಸ”ದ ಹೆಸರಿನಲ್ಲಿ ಅದನ್ನು ತೆಗೆಯದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ ತೆಗೆಯಿರಿ, ಮರ ಬಿಡಿ.

ಮನೆ ಮೊದಲನೆಯದಾದರೆ, ಎರಡನೆಯದು ಮೀನಿನ ದಾರಿ. ಮೀನಿನ ಓಡಾಟಕ್ಕೆ ಅಡ್ಡಿ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ದೊಡ್ಡ ಅಣೆಕಟ್ಟು. ಯೂರೋಪಿನ ಸಂಶೋಧಕರು ನದಿಗಳ ದಡದಲ್ಲಿ ನಡೆದು ಲೆಕ್ಕ ಹಾಕಿ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಲ್ಲಿನ ನದಿಗಳಲ್ಲಿ ಕನಿಷ್ಠ 12 ಲಕ್ಷ ಅಡ್ಡಿಗಳಿವೆ. ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಎರಡು ಮೀಟರಿಗಿಂತ ಗಿಡ್ಡ. ಸಣ್ಣ ಒಡ್ಡು, ಚೆಕ್ ಡ್ಯಾಮ್, ರಸ್ತೆಯ ಕೆಳಗಿನ ಮೋರಿ, ಇಂಥವೇ. ಎಷ್ಟೋ ಅಡ್ಡಿಗಳು ಯಾವ ದಾಖಲೆಯಲ್ಲೂ ಇರಲಿಲ್ಲ. ಮೋರಿಯ ಪೈಪಿನಿಂದ ನೀರು ಒಂದು ಗೇಣು ಎತ್ತರದಿಂದ ಧುಮುಕುತ್ತಿದ್ದರೆ ನಮಗೆ ಅದು ಏನೂ ಅಲ್ಲ. ಬೆರಳುದ್ದದ ಮೀನಿಗೆ ಅದೇ ಜೋಗ. ಧುಮುಕು ಇಲ್ಲದಿದ್ದರೂ ನುಣುಪಾದ ಪೈಪಿನೊಳಗೆ ನೀರು ಎಷ್ಟು ವೇಗವಾಗಿ ಓಡುತ್ತದೆಂದರೆ ಸಣ್ಣ ಮೀನು ಅರ್ಧ ದಾರಿಗೇ ಸೋತು ಹಿಂದೆ ಬರುತ್ತದೆ. ಅಂಥ ಒಂದು ಮೋರಿಯ ಬಾಯಿಗೆ ನಾವು ಅನುಮತಿ ಪಡೆದು ದೊಡ್ಡ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ ಕೆಳಗಿನ ನೀರಿನ ಮಟ್ಟ ಏರಿಸಿದೆವು. ಮಳೆಗಾಲ ಕಳೆದ ಮೇಲೆ ಮೇಲಿನ ತೊರೆಯಲ್ಲಿ, ಅಲ್ಲಿಯವರೆಗೆ ಕೆಳಗೆ ಮಾತ್ರ ಕಾಣುತ್ತಿದ್ದ ಮೀನಿನ ಸಣ್ಣ ಗುಂಪೊಂದು ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಮರಿಯನ್ನೂ ಯಾರೂ ತಂದು ಬಿಟ್ಟಿರಲಿಲ್ಲ.

ದೊಡ್ಡ ಪ್ರಮಾಣದಲ್ಲೂ ಇದೇ ನಡೆದಿದೆ. ಅಮೆರಿಕದ ಕ್ಲಾಮತ್ ನದಿಯಲ್ಲಿ ನಾಲ್ಕು ಅಣೆಕಟ್ಟುಗಳನ್ನು ಕಿತ್ತು ಮುಗಿಸಿದ್ದು 2024ರಲ್ಲಿ. ಅದರ ಹಿಂದೆ ಯುರೋಕ್, ಕರುಕ್ ಮುಂತಾದ ಮೂಲನಿವಾಸಿ ಜನರ ದಶಕಗಳ ಹೋರಾಟವಿದೆ. 2002ರಲ್ಲಿ ಆ ನದಿಯ ಕೆಳಭಾಗದಲ್ಲಿ ಸಮುದ್ರದಿಂದ ನದಿ ಹತ್ತಿ ಬಂದು ಮೊಟ್ಟೆ ಇಡುವ ಸಾಲ್ಮನ್ ಮೀನುಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸತ್ತು ತೇಲಿದ್ದನ್ನು ಅವರು ಕಂಡಿದ್ದರು. ಕಟ್ಟೆ ಹೋದ ಕೆಲವೇ ವಾರಗಳಲ್ಲಿ, ಅಕ್ಟೋಬರ್‌ನಲ್ಲಿ, ಆರೆಗಾನ್ ರಾಜ್ಯದಲ್ಲಿರುವ ಅದರ ಒಂದು ಉಪನದಿಯಲ್ಲಿ ಚಿನೂಕ್ ಎಂಬ ಜಾತಿಯ ಸಾಲ್ಮನ್ ಕಾಣಿಸಿತು. ಆ ಭಾಗದಲ್ಲಿ 1912ರ ನಂತರ ಅದು ಕಂಡದ್ದು ಅದೇ ಮೊದಲು. ನೂರು ವರ್ಷಕ್ಕೂ ಮೀರಿ ಮುಚ್ಚಿದ್ದ ದಾರಿ ತೆರೆದಾಗ ಮೀನು ತಾನಾಗಿ ಹತ್ತಿತು. ಅದನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಕಟ್ಟೆ ಕೀಳಲಾಗದ ಕಡೆ ಮೀನಿಗೆ ಏಣಿ ಕಟ್ಟುತ್ತಾರೆ, ಅಂದರೆ ಮೀನು ಹಂತಹಂತವಾಗಿ ಮೇಲೆ ಹೋಗಲು ನೀರು ಹರಿಯುವ ದಾರಿ. ಅಲ್ಲೂ ಎಚ್ಚರ ಬೇಕು. ಆಸ್ಟ್ರೇಲಿಯಾದಲ್ಲಿ ಮೊದಮೊದಲು ಸಾಲ್ಮನ್‌ಗೆಂದು ರೂಪಿಸಿದ ಏಣಿಗಳ ಮಾದರಿಯನ್ನೇ ಕಟ್ಟಿದರು. ಸಾಲ್ಮನ್ ಜಿಗಿಯುತ್ತದೆ, ಅಲ್ಲಿನ ಮೀನು ಜಿಗಿಯುವುದಿಲ್ಲ. ಏಣಿ ಇತ್ತು, ಹತ್ತುವವರಿರಲಿಲ್ಲ. ಮೆಲ್ಲನೆ ಏರುವ, ಉದ್ದನೆಯ ಸೀಳುಗಳ ಮೂಲಕ ಈಜಿ ಹೋಗುವ ಬಗೆಯ ಏಣಿ ಕಟ್ಟಿದ ಮೇಲೆಯೇ ಮೀನು ಮೇಲೆ ಹೋಯಿತು. ನಿಮ್ಮ ಮೀನು ಈಜುವ ಬಗೆ ಹೇಗೆ, ಯಾವ ತಿಂಗಳಲ್ಲಿ ಹತ್ತುತ್ತದೆ ಎಂಬುದನ್ನು ಹೊಳೆಯಲ್ಲಿ ಬಲೆ ಬೀಸಿ ಹಣ್ಣಾದವರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಎಲ್ಲ ಅಡ್ಡಿಯೂ ಕೆಟ್ಟದ್ದಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಗ್ಯಾಲಾಕ್ಸಿಡ್ ಎಂಬ ಸಣ್ಣ ಮೀನುಗಳ ಕೆಲವು ಜಾತಿಗಳು ಜಲಪಾತದ ಮೇಲಿನ ತೊರೆಗಳಲ್ಲಷ್ಟೇ ಉಳಿದಿವೆ. ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮೀನು ಅಲ್ಲಿಗೆ ಹತ್ತಲಾರದು ಎಂಬುದೇ ಅದಕ್ಕೆ ಕಾರಣ. ನಿಮ್ಮ ಹೊಳೆಯ ಕೆಳಗೆ ಟಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಹೊರಗಿನ ಮೀನುಗಳು ತುಂಬಿದ್ದು, ಮೇಲೆ ಸ್ಥಳೀಯ ಮೀನು ಉಳಿದಿದ್ದರೆ ಮಧ್ಯದ ಕಟ್ಟೆಗೆ ಕೈ ಹಾಕಬೇಡಿ.

ಅಣೆಕಟ್ಟು ಇರುವ ನದಿಯಲ್ಲಿ ಇನ್ನೊಂದು ತೊಂದರೆ ಕಣ್ಣಿಗೆ ಕಾಣದು. ಆಳದ ಜಲಾಶಯದ ತಳದಿಂದ ಬಿಡುವ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಎಷ್ಟೋ ಮೀನುಗಳಿಗೆ ಮೊಟ್ಟೆ ಇಡುವ ಕಾಲ ಬಂದಿದೆ ಎಂದು ಹೇಳುವುದೇ ಬೆಚ್ಚಗಾಗುವ ನೀರು. ಆ ಸೂಚನೆ ಬಾರದಿದ್ದರೆ ಮೀನು ಆ ವರ್ಷ ಮೊಟ್ಟೆಯನ್ನೇ ಇಡದೆ ಇದ್ದುಬಿಡಬಹುದು. ಆಸ್ಟ್ರೇಲಿಯಾದ ಮಕ್ವಾರಿ ನದಿಯ ಬರೆಂಡಾಂಗ್ ಅಣೆಕಟ್ಟಿನಲ್ಲಿ 2014ರಲ್ಲಿ ನೀರು ಹೊರಹೋಗುವ ಗೋಪುರದ ಸುತ್ತ ಒಂದು ದೊಡ್ಡ ಪರದೆ ಇಳಿಬಿಟ್ಟರು, ತಳದ ತಣ್ಣೀರಿನ ಬದಲು ಮೇಲಿನ ಬೆಚ್ಚನೆ ನೀರು ಹೋಗಲಿ ಎಂದು. ಇದು ನಾಲ್ಕಾರು ಗೆಳೆಯರ ಕೈಯಲ್ಲಿ ಆಗುವ ಕೆಲಸವಲ್ಲ. ಆದರೆ ಅಣೆಕಟ್ಟು ನಡೆಸುವವರನ್ನು ಕೇಳಬೇಕಾದ ಪ್ರಶ್ನೆ ಇದು: ಎಷ್ಟು ನೀರು ಬಿಡುತ್ತೀರಿ ಎಂಬುದರ ಜೊತೆಗೆ ಯಾವಾಗ, ಎಷ್ಟು ಬಿಸಿಯ ನೀರು?

ಈಗ ನೀವು ಕೇಳಿದ ಮರಿಗಳ ವಿಷಯಕ್ಕೆ ಬರುತ್ತೇನೆ. ಕಾವೇರಿಯ ಡುಬ್ಬದ ಮಹಶೀರ್ ಕಥೆಯನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ನದಿ ವ್ಯವಸ್ಥೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ದೈತ್ಯ ಮೀನು ಅದು. ಮಹಶೀರ್ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ದಶಕಗಳ ಕಾಲ ಕೊಳಗಳಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ಬಿಟ್ಟರು. ಬಿಟ್ಟದ್ದು ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮಹಶೀರ್. ಹೊರಗಿನದು ತುಂಬಿಕೊಂಡಿತು, ಡುಬ್ಬದ್ದು ಬರಿದಾಗುತ್ತ ಬಂತು. ಎರಡನ್ನೂ “ಮಹಶೀರ್” ಎಂದೇ ಎಣಿಸುತ್ತಿದ್ದುದರಿಂದ ಮೀನು ಹೆಚ್ಚುತ್ತಿದೆ ಎಂದೇ ಕಂಡಿತು. ಡುಬ್ಬದ ಮಹಶೀರಿಗೆ ವೈಜ್ಞಾನಿಕ ಹೆಸರು ಖಚಿತವಾಗಿ ದೊರೆತದ್ದು 2018ರಲ್ಲಿ. ಅದೇ ವರ್ಷ ಅದನ್ನು ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಲಾಯಿತು.

ಅದೇ ಜಾತಿಯ ಮರಿಯಾದರೂ ಚಿಂತೆ ತಪ್ಪಿದ್ದಲ್ಲ. ಆರೆಗಾನ್‌ನ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಮೀನಿನ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ತೊಟ್ಟಿಯಲ್ಲಿ ಸಾಕಿದ ಪ್ರತಿ ತಲೆಮಾರಿಗೂ, ನದಿಗೆ ಬಿಟ್ಟ ಮೇಲೆ ಮರಿ ಮಾಡುವ ಶಕ್ತಿ ಸುಮಾರು ಶೇ 40ರಷ್ಟು ಕುಗ್ಗಿದ್ದು ಅದರಲ್ಲಿ ಕಂಡುಬಂತು. ತೊಟ್ಟಿಯಲ್ಲಿ ಗೆಲ್ಲುವ ಗುಣವೇ ಬೇರೆ, ಹೊಳೆಯಲ್ಲಿ ಗೆಲ್ಲುವ ಗುಣವೇ ಬೇರೆ. ಇದರ ಜೊತೆಗೆ ಚೀಲದ ನೀರಿನಲ್ಲೇ ರೋಗ, ಬೇರೆ ಜಾತಿಯ ಮರಿ, ಹುಳು ಎಲ್ಲ ಬರಬಹುದು.

ಬಿಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಓವನ್ಸ್ ನದಿಯಲ್ಲಿ ಟ್ರೌಟ್ ಕಾಡ್ ಎಂಬ ಮೀನು ಪೂರ್ತಿ ಅಳಿದಿತ್ತು. 1997ರಿಂದ ಸುಮಾರು ಹತ್ತು ವರ್ಷ ಬಿಡದೆ ಮರಿ ಹಾಕಿದ ಮೇಲೆ ಅದು ಅಲ್ಲಿ ತಾನಾಗಿ ಸಂತತಿ ಬೆಳೆಸತೊಡಗಿತು. ಆ ನದಿಗೆ ದೊಡ್ಡ ಅಣೆಕಟ್ಟುಗಳ ಕಾಟ ಕಡಿಮೆ, ನೀರೊಳಗೆ ಮರದ ದಿಮ್ಮಿಗಳೂ ಉಳಿದಿದ್ದವು. ಮನೆ ಸರಿಯಿತ್ತು, ಮೀನು ಮಾತ್ರ ಇರಲಿಲ್ಲ. ಅಂಥ ಕಡೆ ಮರಿ ಬಿಡುವುದಕ್ಕೆ ಅರ್ಥವಿದೆ, ಅದೂ ತಜ್ಞರ ಮೇಲ್ವಿಚಾರಣೆಯಲ್ಲಿ, ಒಂದೇ ದಿನದ ಸಮಾರಂಭವಾಗಿ ಅಲ್ಲ.

ಹಾಗೆಂದು ಕಾಯುತ್ತಲೇ ಕೂರಬೇಡಿ. ನ್ಯೂಜಿಲೆಂಡಿನ ಉಪೊಕೊರೊರೊ ಎಂಬ ಹೊಳೆಮೀನಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1951ರಲ್ಲಿ. ಅಷ್ಟರಲ್ಲಿ ಆ ಮೀನು ಕಣ್ಮರೆಯಾಗಿ ವರ್ಷಗಳೇ ಕಳೆದಿದ್ದವು. ಚೀನಾದ ಯಾಂಗ್ಟ್ಸೆ ನದಿಯಲ್ಲಿ 1981ರಲ್ಲಿ ಗೆಝೌಬಾ ಅಣೆಕಟ್ಟು ದಾರಿ ಮುಚ್ಚಿತು. ಮೇಲೆ ಹೋಗಿ ಮೊಟ್ಟೆ ಇಡುತ್ತಿದ್ದ ಪ್ಯಾಡಲ್‌ಫಿಶ್ ಜೀವಂತವಾಗಿ ಕೊನೆಯ ಬಾರಿ ಕಂಡದ್ದು 2003ರಲ್ಲಿ. ಅಳಿದುಹೋಗಿದೆ ಎಂದು 2022ರಲ್ಲಿ ಘೋಷಿಸಿದರು. ಆ ನದಿಯಲ್ಲಿ ಹತ್ತು ವರ್ಷದ ಮೀನುಗಾರಿಕೆ ನಿಷೇಧ ಪೂರ್ತಿಯಾಗಿ ಜಾರಿಗೆ ಬಂದದ್ದು 2021ರಲ್ಲಿ, ಪ್ಯಾಡಲ್‌ಫಿಶ್‌ಗೆ ಪ್ರಯೋಜನವಾಗುವ ಕಾಲ ಮೀರಿದ ಮೇಲೆ.

ಆದ್ದರಿಂದ ಈ ವರ್ಷವೇ ಶುರು ಮಾಡಿ, ಆದರೆ ಕಾಲ್ನಡಿಗೆಯಿಂದ. ನೀರು ತೀರ ಕಡಿಮೆ ಇರುವ ದಿನಗಳಲ್ಲಿ ಹೊಳೆಯ ಉದ್ದಕ್ಕೂ ನಡೆಯಿರಿ. ಎಲ್ಲಿ ಮಡು ಉಳಿದಿದೆ, ಎಲ್ಲಿ ಒಡ್ಡು ಇದೆ, ಎಲ್ಲಿ ದಡ ಬೋಳಾಗಿದೆ, ಯಾವ ಕೊಳವೆ ಏನನ್ನು ತಂದು ಸುರಿಯುತ್ತಿದೆ, ಎಲ್ಲವನ್ನೂ ಗುರುತು ಮಾಡಿ. ಬೇಸಿಗೆ ಕಳೆಯುವ ಮಡುಗಳೇ ನಿಮ್ಮ ಮೊದಲ ಕಾಳಜಿಯಾಗಲಿ. ಅಲ್ಲಿನ ನೀರನ್ನು ಪಂಪ್ ಹಚ್ಚಿ ಎತ್ತದಂತೆ, ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯದಂತೆ ದಡದ ಜನರ ಜೊತೆ ಕೂತು ಮಾತಾಡಿ. ಅವರನ್ನು ಬಿಟ್ಟು ಮಾಡಿದ ಯಾವ ಕೆಲಸವೂ ಎರಡು ಮಳೆಗಾಲ ಬಾಳಿದ್ದನ್ನು ನಾನು ಕಂಡಿಲ್ಲ. ಮೇಲಿನ ತೊರೆಗಳಲ್ಲಿ ಹಳೆಯ ಮೀನು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿ. ಈಗ ಒಂದೆರಡು ಲೀಟರ್ ನೀರು ಸೋಸಿ ಅದರಲ್ಲಿನ ಡಿಎನ್‌ಎ ನೋಡಿ ಯಾವ ಮೀನು ಇದೆ ಎಂದು ಹೇಳುವ ವಿಧಾನವೂ ಬಂದಿದೆ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ನಡೆದು ಬಂದ ಮೇಲೆ ಮೂರು ವಿಷಯ ಇಲ್ಲಿ ಬರೆಯಿರಿ: ಬೇಸಿಗೆಯಲ್ಲಿ ಹರಿವು ಪೂರ್ತಿ ನಿಲ್ಲುತ್ತದೆಯೇ, ಮೊದಲ ಒಡ್ಡು ಎಷ್ಟು ಎತ್ತರವಿದೆ, ಅದರ ಮೇಲೆ ಮತ್ತು ಕೆಳಗೆ ಯಾವ ಮೀನು ಸಿಗುತ್ತದೆ. ಒಡ್ಡಿನ ಫೋಟೋ ಹಾಕುವುದಾದರೆ ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ಕೋಲು ನಿಲ್ಲಿಸಿ ತೆಗೆಯಿರಿ. ಅದನ್ನು ನೋಡಿದ ಮೇಲೆ ಮುಂದಿನ ಮಾತು ಆಡೋಣ. ಕೂಡಿಸಿದ ದುಡ್ಡು ಅಲ್ಲಿಯವರೆಗೆ ಹಾಗೇ ಇರಲಿ.