ಗೋಡೆಯ ಜಾಲರಿಗೆ ಬಟ್ಟೆ ತುರುಕಬೇಡ

ನಿನ್ನ ಪತ್ರ ಓದಿದೆ. ಅಣ್ಣ ಎಂದು ಕರೆದಿದ್ದೀಯ, ಆದ್ದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದಿಳಿದು ಹಳೆಯ ಸಾಲುಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೀಯ, ಜನವರಿಯಲ್ಲಿ ಹೆಂಡತಿ ಬರುತ್ತಾಳೆ, ಮೊದಲ ಬಿಲ್ಲು ನೋಡಿ ಎದೆ ಧಸಕ್ಕೆಂದಿದೆ. ಹೀಟಿಂಗ್ ದಿನವಿಡೀ ಇರಬೇಕೇ, ಫ್ಯಾನ್ ಹೀಟರ್ ಕೊಂಡರೆ ಅಗ್ಗವೇ, ರಾತ್ರಿ ಬಟ್ಟೆ ಒಗೆದರೆ ಉಳಿತಾಯವೇ, ಊರಿನಿಂದ ಮಿಕ್ಸಿ ತರಿಸಲೇ ಎಂದೆಲ್ಲ ಕೇಳಿದ್ದೀಯ. ಕೊನೆಯಲ್ಲಿ, ಕೇಳಲೋ ಬೇಡವೋ ಎಂಬಂತೆ ಇನ್ನೊಂದು: ಕೋಣೆ ಕಾಯಿಸುವ ಗ್ಯಾಸ್ ಒಲೆಯಿರುವ ಮುಂದಿನ ಕೋಣೆಯ ಗೋಡೆಯಲ್ಲಿ ಒಂದು ಜಾಲರಿಯಿದೆ, ಅದರಿಂದ ಚಳಿಗಾಳಿ ನುಗ್ಗುತ್ತಿದೆ, ಹಳೆಯ ಬಟ್ಟೆ ತುರುಕಿ ಮುಚ್ಚಲೇ?

ಬೇಡ. ಕಾರಣ ಆಮೇಲೆ ಹೇಳುತ್ತೇನೆ.

 

ಬಿಲ್ಲಿಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಕರೆಂಟ್ ಉಳಿಸುವುದೆಂದರೆ ದೀಪ ಆರಿಸುವುದು. ಬಚ್ಚಲಿನ ದೀಪ ಆರಿಸದೆ ಬಂದರೆ ಅಪ್ಪ ಕುಳಿತಲ್ಲಿಂದಲೇ ಹೇಗೆ ಗದರುತ್ತಾರೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆ ಅಭ್ಯಾಸ ಬಿಡಬೇಡ, ಆದರೆ ಅದನ್ನು ನೆಚ್ಚಿಕೊಳ್ಳಲೂ ಬೇಡ. 10 ವಾಟಿನ ಎಲ್‌ಇಡಿ ದೀಪ 100 ಗಂಟೆ ಉರಿದರೆ ಒಂದು ಯೂನಿಟ್. ನೀನು ಕೊಳ್ಳಬೇಕೆಂದಿರುವ 2 ಕಿಲೋವಾಟಿನ ಫ್ಯಾನ್ ಹೀಟರ್ ಅರ್ಧ ಗಂಟೆಯಲ್ಲಿ ಅಷ್ಟನ್ನೇ ನುಂಗುತ್ತದೆ. ಮೇಲಾಗಿ ಇಲ್ಲಿ ವಿದ್ಯುತ್ತಿನ ಒಂದು ಯೂನಿಟ್ ಅಷ್ಟೇ ಶಕ್ತಿಯ ಗ್ಯಾಸಿಗಿಂತ ಸುಮಾರು ನಾಲ್ಕು ಪಟ್ಟು ದುಬಾರಿ. ಒಬ್ಬನೇ ಒಂದು ಕೋಣೆಯಲ್ಲಿ ಅರ್ಧ ಗಂಟೆ ಕೂರುವುದಾದರೆ ಹೀಟರ್ ಸರಿ, ಸಂಜೆಯೆಲ್ಲ ಹಚ್ಚಿದರೆ ಅಲ್ಲ.

ಹಾಗೂ ಕೊಂಡೆಯಾದರೆ ಅದನ್ನು ಗೋಡೆಯ ಸಾಕೆಟ್ಟಿಗೇ ಹಾಕು. ಇಲ್ಲಿನ ಪ್ಲಗ್ಗು 13 ಆಂಪಿಯರಿನದು, ಎಂದರೆ ಸುಮಾರು 3,000 ವಾಟ್. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ನಾಲ್ಕು ಸಾಕೆಟ್ ಇದ್ದರೂ ಅದನ್ನು ಗೋಡೆಗೆ ಸಿಕ್ಕಿಸುವ ಪ್ಲಗ್ಗು ಒಂದೇ. ನೀರು ಕಾಯಿಸುವ ಕೆಟಲ್ ಒಂದಕ್ಕೇ ಅದು ಸರಿಹೋಗುತ್ತದೆ, ಪಕ್ಕದಲ್ಲಿ ಹೀಟರ್ ಬೇರೆ ಹಾಕಿದರೆ ವೈರು ಕಾಯುತ್ತದೆ. ಹೀಟರಿನಿಂದ ಪರದೆ, ಹಾಸಿಗೆ, ಒಣಹಾಕಿದ ಬಟ್ಟೆ ಎಲ್ಲವೂ ಕನಿಷ್ಠ ಒಂದು ಮೀಟರ್ ದೂರವಿರಲಿ. ಮಲಗುವಾಗ ಆರಿಸು.

ಹೀಟಿಂಗ್ ದಿನವಿಡೀ ಬೇಡ. ಟೈಮರ್ ಇಟ್ಟು ಏಳುವ ಹೊತ್ತಿಗೆ, ಮನೆಗೆ ಬರುವ ಹೊತ್ತಿಗೆ ಬರುವಂತೆ ಮಾಡು. ಥರ್ಮೋಸ್ಟಾಟ್ 18ರಿಂದ 20 ಡಿಗ್ರಿ ಸಾಕು, 30ಕ್ಕೆ ತಿರುಗಿಸಿದ ಮಾತ್ರಕ್ಕೆ ಮನೆ ಬೇಗ ಬಿಸಿಯಾಗುವುದಿಲ್ಲ. ನಿನ್ನದು ನೀರಿನ ತೊಟ್ಟಿ ಇಲ್ಲದ ಕಾಂಬಿ ಬಾಯ್ಲರ್ ಆಗಿದ್ದರೆ ಕೋಣೆ ಬಿಸಿಮಾಡುವ ರೇಡಿಯೇಟರಿಗೆ ಹೋಗುವ ನೀರಿನ ಶಾಖವನ್ನು 60ಕ್ಕೆ ಇಳಿಸು, ಗ್ಯಾಸ್ ಉಳಿಯುತ್ತದೆ. ಬಿಸಿನೀರಿನ ತೊಟ್ಟಿ ಇರುವ ಮನೆಯಲ್ಲಿ ಮಾತ್ರ ತೊಟ್ಟಿಯ ನೀರನ್ನು 60ಕ್ಕಿಂತ ಕೆಳಗೆ ಇಳಿಸಬಾರದು, ಬ್ಯಾಕ್ಟೀರಿಯಾ ಬೆಳೆಯುತ್ತದೆ.

ರಾತ್ರಿ ಅಗ್ಗ ಎನ್ನುವುದು ಎಕಾನಮಿ 7 ಅಥವಾ ಅಂಥದೇ ದರ ಇರುವವರಿಗೆ, ಅವರು ಹಗಲಿಗೆ ಹೆಚ್ಚು ತೆರುತ್ತಾರೆ. ನಿನ್ನ ಬಿಲ್ಲಿನಲ್ಲಿ ಅದಿಲ್ಲ. ಇದ್ದರೂ ಒಗೆಯುವ ಯಂತ್ರ, ಒಣಗಿಸುವ ಯಂತ್ರ ಹಾಕಿ ಮಲಗಬೇಡ, ಅವುಗಳಿಂದ ಬೆಂಕಿ ಹತ್ತುವುದುಂಟು. ಮಿಕ್ಸಿ ತರಿಸು, ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಆದರೆ ಸಿಕ್ಕ ಅಡಾಪ್ಟರಿಗೆ ತುರುಕದೆ, ತಿಳಿದವರಿಂದ ಫ್ಯೂಸ್ ಇರುವ ಇಲ್ಲಿನ ಪ್ಲಗ್ಗು ಹಾಕಿಸು. ಬಿಲ್ಲಿನಲ್ಲಿ ದಿನಕ್ಕಿಷ್ಟು ಎಂದು ಬರುವ ಸ್ಟ್ಯಾಂಡಿಂಗ್ ಚಾರ್ಜ್ ನಮ್ಮ ನಿಗದಿತ ಶುಲ್ಕವಿದ್ದಂತೆ, ಕತ್ತಲಲ್ಲಿ ಕುಳಿತರೂ ತಪ್ಪದು. ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಮೂರು ತಿಂಗಳಿಗೊಮ್ಮೆ ಹಾಕುವ ಮಿತಿಯೂ ದರಕ್ಕೆ ಮಾತ್ರ. ನೀನು ಉರಿಸಿದಷ್ಟೂ ಬಿಲ್ಲು ಏರುತ್ತದೆ.

ಈಗ ಜಾಲರಿ.

ನಾವು ಶೆಫೀಲ್ಡಿನ ಪಕ್ಕದ ಬಾರ್ನ್ಸ್ಲಿಗೆ ಬಂದದ್ದು 2001ರ ನವೆಂಬರಿನಲ್ಲಿ. ಪೌಂಡಿಗೆ ಆಗ ಹತ್ತಿರ ಹತ್ತಿರ 70 ರೂಪಾಯಿ, ಕೊಳ್ಳುವ ಪ್ರತಿ ವಸ್ತುವನ್ನೂ ಮನಸ್ಸಿನಲ್ಲೇ ಗುಣಿಸುತ್ತಿದ್ದೆ. ಗ್ಯಾಸ್ ಮೀಟರಿಗೆ ಮೊದಲೇ ದುಡ್ಡು ತುಂಬಿಸಿದ ಕಾರ್ಡ್ ಹಾಕಬೇಕಿತ್ತು. ಮುಂದಿನ ಕೋಣೆಯ ಹಳೆಯ ಚಿಮಣಿಯಲ್ಲಿ ಒಂದು ಗ್ಯಾಸ್ ಒಲೆ. ಅದನ್ನು ಹಚ್ಚಿಕೊಂಡು ಆ ಒಂದು ಕೋಣೆಯಲ್ಲೇ ಬದುಕಿದೆವು. ಎದುರಿನ ಗೋಡೆಯಲ್ಲಿ ಅಂಗೈಯಗಲದ ಎರಡು ಜಾಲರಿ. ಕಾಸು ಕೊಟ್ಟು ಕಾಯಿಸಿದ ಗಾಳಿ ಅಲ್ಲಿಂದ ಬೀದಿಗೆ ಹೋಗುತ್ತಿದೆ ಎಂದು ನನಗೆ ಸಂಕಟ. ಹೆಂಡತಿಯ ಹಳೆಯ ಸೀರೆಯೊಂದನ್ನು ಹರಿದು, ಮಡಚಿ, ಚಮಚದ ಹಿಡಿಯಿಂದ ಒತ್ತಿ ಒತ್ತಿ ತುಂಬಿದೆ. ಮೇಲೆ ಅಂಟುಪಟ್ಟಿ. ಆ ವಾರ ಕಾರ್ಡಿನ ದುಡ್ಡು ಎರಡು ದಿನ ಹೆಚ್ಚು ಬಂತು, ಬೀಗಿದೆ.

ಡಿಸೆಂಬರಿನಲ್ಲಿ ಅವಳಿಗೆ ತಲೆನೋವು ಶುರುವಾಯಿತು. ನಾನು ಹಗಲು ಕೆಲಸದಲ್ಲಿ, ಅವಳು ಒಲೆಯ ಮುಂದೆ. ಸಂಜೆ ಬಂದರೆ ತಲೆ ಹಿಡಿದು ಕುಳಿತಿರುತ್ತಿದ್ದಳು, ಊಟ ಸೇರುತ್ತಿರಲಿಲ್ಲ, ಎದ್ದರೆ ತಲೆ ಸುತ್ತು. ಭಾನುವಾರ ಪೇಟೆಗೆ ಹೋದರೆ ಸರಿಹೋಗುತ್ತಿತ್ತು. ಅದನ್ನೇ ನಾನು ಸಾಕ್ಷಿಯಾಗಿ ಹಿಡಿದೆ: ನಿನಗೆ ಊರಿನ ನೆನಪು, ಜನರನ್ನು ಕಂಡರೆ ಸರಿಹೋಗುತ್ತೀಯ, ಕಾಯಿಲೆಯೇನಲ್ಲ. ‘ನೆನಪಾದರೆ ಅಳು ಬರುತ್ತದೆ, ತಲೆ ಸಿಡಿಯುವುದಿಲ್ಲ’ ಎಂದಳು ಒಮ್ಮೆ. ನಾನು ನಕ್ಕೆ. ಅತ್ತೆಗೆ ಫೋನ್ ಮಾಡಿ, ಮಗಳಿಗೆ ಸ್ವಲ್ಪ ಧೈರ್ಯ ಹೇಳಿ ಎಂದೆ.

ಪಕ್ಕದ ಮನೆಯ ಮುದುಕ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಕ್ರಿಸ್‌ಮಸ್ಸಿಗೆ ಒಂದು ಡಬ್ಬಿ ಬಿಸ್ಕತ್ತು ಕೊಡಲು ಬಂದ. ಬಾಗಿಲಲ್ಲೇ ನಿಂತು ಒಲೆಯನ್ನು ನೋಡಿದ. ಜ್ವಾಲೆ ಹಳದಿಯಾಗಿ ಓಲಾಡುತ್ತಿತ್ತು, ಮೇಲಿನ ಗೋಡೆಗೆ ಮಸಿ ಹಿಡಿದಿತ್ತು. ನಾನು ಅದನ್ನು ಹಳೆಯ ಮನೆಯ ಕೊಳೆ ಎಂದುಕೊಂಡಿದ್ದೆ. ಡಬ್ಬಿಯನ್ನು ನನ್ನ ಕೈಗೆ ತುರುಕಿ ನೇರವಾಗಿ ಹೋಗಿ ಗ್ಯಾಸ್ ಆರಿಸಿದ, ಕಿಟಕಿ ತೆರೆದ, ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದ. ಈ ದೇಶದ ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿ ಇಟ್ಟುಕೊಳ್ಳುತ್ತಿದ್ದರು, ಈ ವಿಷಗಾಳಿಗೆ ಹಕ್ಕಿ ಮನುಷ್ಯನಿಗಿಂತ ಮೊದಲು ಬೀಳುತ್ತದೆ. ನನ್ನ ಹೆಂಡತಿಯ ಕಡೆ ನೋಡುತ್ತಾ ಅವನು ಆ ಮಾತು ಹೇಳಿದ್ದನ್ನು ನಾನು ಮರೆತಿಲ್ಲ.

ಮರುದಿನ ಬಂದ ಮೆಕ್ಯಾನಿಕ್ ಚಿಮಣಿಯಿಂದ ಒಂದು ಬುಟ್ಟಿಯಷ್ಟು ಕಡ್ಡಿ ತೆಗೆದ, ಹಕ್ಕಿಯ ಗೂಡು. ಹೊಗೆ ಹೋಗಲು ದಾರಿ ಅರ್ಧ ಮುಚ್ಚಿತ್ತು, ಗಾಳಿ ಬರುವ ದಾರಿಯನ್ನು ನಾನು ಮುಚ್ಚಿದ್ದೆ. ಗಾಳಿ ಸಾಲದೆ ಉರಿದ ಗ್ಯಾಸ್ ಕಾರ್ಬನ್ ಮಾನಾಕ್ಸೈಡ್ ಕಾರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಹೋಗಿ ಕೂರುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ನೆಗಡಿ ಜ್ವರ ಬರುವ ಹಾಗೆ. ಮನೆಯಿಂದ ಹೊರಗೆ ಹೋದರೆ ಇಳಿಯುತ್ತದೆ. ಇಳಿಯುತ್ತಿತ್ತಲ್ಲ, ಪ್ರತಿ ಭಾನುವಾರ.

ಅತ್ತೆ ಇಂದಿಗೂ ‘ಮೊದಲ ವರ್ಷ ಊರು ನೆನೆದು ನೆನೆದು ಕಾಯಿಲೆ ಬಿದ್ದಳು’ ಎನ್ನುತ್ತಾರೆ. ಹೆಂಡತಿ ನನ್ನ ಮುಖ ನೋಡುತ್ತಾಳೆ, ತಿದ್ದುವುದಿಲ್ಲ. ನಾನೂ ತಿದ್ದಿಲ್ಲ.

ನಿನ್ನ ಕಾಲಕ್ಕೆ ಕಾನೂನು ಗಟ್ಟಿಯಾಗಿದೆ. ಮನೆಯ ಮಾಲೀಕ ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿಯಿರುವ ಎಂಜಿನಿಯರಿನಿಂದ ಪರೀಕ್ಷೆ ಮಾಡಿಸಿ ಆ ಕಾಗದವನ್ನು ನಿನಗೆ ಕೊಡಬೇಕು. 2022ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಗ್ಯಾಸ್ ಒಲೆ, ಬಾಯ್ಲರ್ ಇರುವ ಬಾಡಿಗೆ ಮನೆಯ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಅಡುಗೆ ಒಲೆ ಮಾತ್ರ ಇದ್ದರೆ ಕಡ್ಡಾಯವಿಲ್ಲ, ಆದರೂ ಒಂದು ಕೊಂಡು ಹಾಕು. ಕೇಳಲು ಸಂಕೋಚಪಡಬೇಡ. ಬಾಡಿಗೆದಾರ ಬಾಯಿಬಿಟ್ಟರೆ ಮನೆ ಬಿಡಿಸುತ್ತಾರೆಂಬ ಹೆದರಿಕೆ ನಾವು ಊರಿನಿಂದ ಹೊತ್ತು ತಂದದ್ದು. ಅನುಮಾನ ಬಂದರೆ ಗ್ಯಾಸ್ ಆರಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡು. ಹಗಲು ರಾತ್ರಿ ಎತ್ತುತ್ತಾರೆ.

ಚಳಿಗೆ ಕಿಟಕಿಯ ಸಂದಿಗೆ, ಬಾಗಿಲ ಅಡಿಗೆ ಪಟ್ಟಿ ಹಚ್ಚು, ದಪ್ಪ ಪರದೆ ಹಾಕು. ಪರೀಕ್ಷೆಯ ಕಾಗದ ಕೈಗೆ ಬರುವವರೆಗೆ ಆ ಒಲೆ ಹಚ್ಚಬೇಡ. ಜಾಲರಿಗೆ ಈಗಾಗಲೇ ಬಟ್ಟೆ ತುರುಕಿದ್ದರೆ, ಹೋಗಿ ತೆಗೆದು ಬಂದು ಆಮೇಲೆ ಉತ್ತರ ಬರೆ.