ಒಪ್ಪಿಸಲು ಹೋಗಬೇಡಿ, ಡಬ್ಬಿ ಇಡಿ

ಕಾಫಿ ತೋಟದ ಐದು ಪಾಲಿಗೆ ಒಂದೇ ಕೆರೆ, ನೀರೆತ್ತಲು ಒಂದೇ ಎಂಜಿನ್, ಬೇಸಿಗೆಯಲ್ಲಿ ಹೂವಿಗೆ ನೀರು ಹಾಕುವಾಗ ಐವರಲ್ಲಿ ಇಬ್ಬರು ಯಾವುದಕ್ಕೂ ಒಪ್ಪುವುದಿಲ್ಲ, ಅವರನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ಸಿದ್ದಾಪುರದ ಕಡೆ ನಮ್ಮದೂ ಇಂಥದ್ದೇ ಪಾಲಿನ ಕೆರೆ, ಸುತ್ತಲೂ ರೋಬಸ್ಟಾ ಕಾಫಿ. ಒಪ್ಪಿಸುವ ಗೋಜಿಗೇ ಹೋಗಬೇಡಿ. ನಮ್ಮಲ್ಲಿ ಹೂವು ಕೆಟ್ಟದ್ದು ಜಗಳವಾಡಿದ ವರ್ಷವಲ್ಲ, ಎಲ್ಲರೂ ಒಪ್ಪಿದ ವರ್ಷ.

ಆ ಬೇಸಿಗೆ ಕೆರೆಯಲ್ಲಿ ನೀರು ಕಡಿಮೆ. ಅರ್ಧ ತೋಟಕ್ಕಾದರೂ ಪೂರಾ ಒಂದೂವರೆ ಇಂಚು (ನೆಲದ ಮೇಲೆ ಅಷ್ಟು ಎತ್ತರ ನಿಲ್ಲುವಷ್ಟು ನೀರು) ಕೊಡೋಣ, ಉಳಿದದ್ದನ್ನು ಮಳೆಗೆ ಬಿಡೋಣ ಎಂದು ಇಬ್ಬರು ಹಟ ಹಿಡಿದರು. ಎಲ್ಲರ ಗಿಡಕ್ಕೂ ನೀರು ಮುಟ್ಟಲೇಬೇಕು ಎಂದು ಮೂವರು. ಮನಸ್ತಾಪ ಬೇಡವೆಂದು ಎಲ್ಲರಿಗೂ ಮುಕ್ಕಾಲು ಇಂಚು ಎಂದು ತೀರ್ಮಾನವಾಯಿತು.

ಇದು ಯಾಕೆ ತಪ್ಪು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಲಿತ ಮೊಗ್ಗು ಒಣಗಿದ ಮಣ್ಣಿನಲ್ಲಿ ನಿದ್ದೆ ಮಾಡುತ್ತಿರುತ್ತದೆ. ನೀರು ಬಿದ್ದರೆ ಎಚ್ಚರವಾಗುತ್ತದೆ, ಉಬ್ಬುತ್ತದೆ, ರೋಬಸ್ಟಾದಲ್ಲಿ ಏಳೆಂಟು ದಿನಕ್ಕೆ ಅರಳುತ್ತದೆ. ಒಮ್ಮೆ ಎದ್ದ ಮೊಗ್ಗು ಮತ್ತೆ ಮಲಗುವುದಿಲ್ಲ. ಮುಕ್ಕಾಲು ಇಂಚಿನಲ್ಲಿ ಒಂದಿಷ್ಟನ್ನು ದರಗೇ ಹೀರಿಕೊಂಡಿತು, ಬೇರಿಗೆ ಇಳಿದದ್ದು ಮೊಗ್ಗನ್ನು ಎಬ್ಬಿಸಲು ಸಾಕಾಯಿತು, ಅರಳಿಸಲು ಸಾಲಲಿಲ್ಲ. ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿತು, ಎಸಳು ಪೂರ್ತಿ ಬಿಚ್ಚದೆ ಗಟ್ಟಿ ನಕ್ಷತ್ರದ ಹಾಗೆ ನಿಂತಿತು, ಕಾಯಿ ಕಚ್ಚಲಿಲ್ಲ. ಆಮೇಲೆ ಎಷ್ಟು ನೀರು ಹಾಕಿದರೂ ಕೊಂಬೆಯ ಆ ಗಂಟಿಗೆ ಪ್ರಯೋಜನವಿಲ್ಲ, ಹೂ ಬಿಟ್ಟ ಹಳೇ ಗಂಟಿನಲ್ಲಿ ರೋಬಸ್ಟಾ ಮತ್ತೆ ಹೂ ಬಿಡುವುದಿಲ್ಲ. ನೀರೇ ಮುಟ್ಟದ ಮೂಲೆಯ ಗಿಡಗಳ ಮೊಗ್ಗು ಮಾತ್ರ ಹಾಗೇ ಕಾದಿದ್ದು ಮಳೆಗೆ ಚೆನ್ನಾಗಿ ಅರಳಿತು. ಅಂದರೆ ಇಬ್ಬರು ಹೇಳಿದ್ದೂ ಸರಿ ಇತ್ತು, ಮೂವರ ಆತಂಕಕ್ಕೂ ಕಾರಣವಿತ್ತು. ಎರಡರ ನಡುವಿನದು ಮಾತ್ರ ಯಾರ ಲೆಕ್ಕದಲ್ಲೂ ಸರಿಯಲ್ಲ. ಸಂಬಳ, ಕೂಲಿ, ಡೀಸೆಲ್ ಖರ್ಚಿನಲ್ಲಿ ಮಧ್ಯದ ದಾರಿ ಹಿಡಿಯಿರಿ. ಗಿಡದ ವಿಷಯದಲ್ಲಿ ಬೇಡ.

ಆದ್ದರಿಂದ ಮಾತು ಜನವರಿಯಲ್ಲೇ ಆಗಲಿ. ಫೆಬ್ರವರಿ ಕೊನೆಗೆ ಕೆರೆ ಏರಿಯ ಮೇಲೆ ನಿಂತು ಮಾತಾಡಿದರೆ ಪ್ರತಿಯೊಬ್ಬನ ಕಣ್ಣೂ ಅವನವನ ಮೊಗ್ಗಿನ ಮೇಲೇ ಇರುತ್ತದೆ. ಕೆರೆಯ ಉದ್ದ, ಅಗಲ, ಆಳ ಅಳೆದು, ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವ್‌ಗಿಂತ ಕೆಳಗಿನ ನೀರನ್ನು ಲೆಕ್ಕದಿಂದ ಕಳೆಯಿರಿ. ಒಂದು ಎಕರೆಗೆ ಒಂದು ಇಂಚು ಎಂದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು. ಹೂವಿಗೆ ಒಂದೂವರೆ ಇಂಚು, 15–20 ದಿನಕ್ಕೆ ಬ್ಯಾಕಿಂಗ್, ಅಂದರೆ ಎರಡನೇ ಸಲದ ನೀರು, ಒಂದು ಇಂಚು, ಒಟ್ಟು ಎಕರೆಗೆ ಎರಡೂವರೆ ಲಕ್ಷ ಲೀಟರ್ ಮೀರುತ್ತದೆ. ಕೆರೆಯಲ್ಲಿ 15 ಲಕ್ಷ ಲೀಟರ್ ಇದ್ದರೆ ಐದೂವರೆ, ಆರು ಎಕರೆ, ಅಷ್ಟೇ. ಈ ಅಂಕಿ ಎದುರಿಗಿದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಉಳಿದರ್ಧ, ನೀರು ಚಿಮ್ಮಿಸುವ ಜೆಟ್ ಒಂದೊಂದು ಜಾಗದಲ್ಲಿ ಎಷ್ಟು ಗಂಟೆ ನಿಲ್ಲಬೇಕು ಎಂಬುದು. ಒಬ್ಬರು ಮೂರು ಗಂಟೆ ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು. ಕೈ ಎತ್ತಿಸಿ ತೀರ್ಮಾನಿಸುವ ಸಂಗತಿಯಲ್ಲ ಅದು. ನೇರ ಗೋಡೆಯ ಖಾಲಿ ಡಬ್ಬಿಗಳನ್ನು ಜೆಟ್‌ನ ಬುಡದಿಂದ ನೀರು ಬೀಳುವ ಅಂಚಿನವರೆಗೆ ಸಾಲಾಗಿ ಇಡಿ. ಬಕೆಟ್ ಬೇಡ, ಬಾಯಿ ಅಗಲ ಬುಡ ಕಿರಿದಾದರೆ ಅಳತೆ ತಪ್ಪುತ್ತದೆ. ಗಿಡದ ಅಡಿ ಇಡಬಾರದು, ಸಾಲಿನ ನಡುವೆ ಇಡಬೇಕು. ಸ್ಕೇಲ್ ಇಳಿಸಿ ನೋಡಿದಾಗ 38 ಮಿ.ಮೀ., ಅಂದರೆ ಒಂದೂವರೆ ಇಂಚು, ಬಂದರೆ ಪೈಪನ್ನು ಮುಂದಿನ ಜಾಗಕ್ಕೆ ಸರಿಸಿ. ಅಂಚಿನ ಡಬ್ಬಿಗೆ ನೀರು ಮುಟ್ಟದಿದ್ದರೆ ಒತ್ತಡ ಸಾಲದಿರಬಹುದು, ಮೊದಲು ಪೈಪ್ ಜೋಡಿಸುವ ಕಪ್ಲಿಂಗ್‌ನ ವಾಷರ್ ನೋಡಿ. ಗಾಳಿ ಇದ್ದ ದಿನ ನೀರು ಒಂದೇ ಬದಿಗೆ ಬೀಳುತ್ತದೆ, ಆ ಹೊತ್ತು ಎಂಜಿನ್ ನಿಲ್ಲಿಸುವುದೇ ಮೇಲು.

ಡಬ್ಬಿ ನೋಡುವ ಕೆಲಸ ನಿಮ್ಮನ್ನು ವಿರೋಧಿಸುವವರಿಗೇ ಕೊಡಿ, ದಯವಿಟ್ಟು. ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ ಇರಲಿ: ಜೆಟ್ ನಿಂತದ್ದು ಯಾವ ಪಾಯಿಂಟ್, ಎಷ್ಟು ಗಂಟೆ, ಎಷ್ಟು ಡೀಸೆಲ್, ಎಷ್ಟು ಮಿ.ಮೀ. ನಿಮ್ಮ ಅಂಕಿಯನ್ನು ಅವರು ನಂಬಲಿಕ್ಕಿಲ್ಲ, ತಾವೇ ಬರೆದದ್ದನ್ನು ನಂಬುತ್ತಾರೆ. ಆ ಇಬ್ಬರನ್ನು ಹೊರಗಿಟ್ಟು ಮೂವರೇ ತೀರ್ಮಾನ ಮಾಡಬಹುದೇ ಎಂದೂ ಕೇಳಿದ್ದೀರಿ. ಬೇಡವೇ ಬೇಡ. ನಮ್ಮ ಕೆರೆಯಲ್ಲಿ ಬೇಡವೆಂದವರ ಮಾತೇ ಗಿಡಕ್ಕೆ ಹತ್ತಿರವಿತ್ತು.

ನೀರು ಸಿಗದವರ ಪಾಲು ಏನು ಎಂಬುದನ್ನು ಎಂಜಿನ್ ಶುರುವಾಗುವ ಮೊದಲೇ ಬರೆದು ಐವರೂ ಸಹಿ ಹಾಕಿ. ಈ ವರ್ಷ ಯಾರಿಗೆ ಎಂದು ಚೀಟಿ ಎತ್ತಿ, ಮುಂದಿನ ವರ್ಷ ಸರದಿ ತಿರುಗಲಿ. ಮಳೆ ಕೈಕೊಟ್ಟರೆ ನೀರು ಪಡೆದವರು ಕಾಯುವವರಿಗೆ ಎಷ್ಟು ಮೂಟೆ ಚೆರಿ (ಒಣಗಿಸಿದ ಕಾಫಿ ಹಣ್ಣು) ಕೊಡಬೇಕು ಎಂಬುದೂ ಆ ಕಾಗದದಲ್ಲಿರಲಿ. ಇದಿಲ್ಲದೆ ಅರ್ಧ ತೋಟಕ್ಕೆ ಪೂರಾ ನೀರು ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಒಂದು ವಿಷಯ ಮಾತ್ರ ಚರ್ಚೆಗೇ ತರಬೇಡಿ. ಪಕ್ಕದ ಪಾಲಿನಲ್ಲಿ ಹೂ ಅರಳಿದ್ದರೆ ಅದರ ಮೇಲೆ ಜೆಟ್‌ನ ನೀರು ಬೀಳಬಾರದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಗಾಳಿ, ಜೇನು ಅದನ್ನು ತರಬೇಕು. ಅರಳಿದ ದಿನ ನೀರು ಬಿದ್ದರೆ ಪರಾಗ ತೊಳೆದುಹೋಗುತ್ತದೆ. ಅಂಥ ದಿನ ಸರದಿ ಯಾರದ್ದೇ ಇರಲಿ, ಪೈಪ್ ತೋಟದ ಇನ್ನೊಂದು ಬದಿಗೆ ಹೋಗಬೇಕು.