ಓದುಗರ ಪ್ರಶ್ನೆ: ಸ್ಟ್ರಾಫರ್ಡ್ ಮೇಲೆ ಅಷ್ಟು ಸಿಟ್ಟು ಯಾಕೆ?

ಪ್ರಶ್ನೆ: ಸರ್, ಇಂಗ್ಲೆಂಡಿನ ಒಂದನೇ ಚಾರ್ಲ್ಸ್‌ನ ಮಂತ್ರಿ ಸ್ಟ್ರಾಫರ್ಡ್ ಮೊದಲು ರಾಜನ ವಿರೋಧಿ ಆಗಿದ್ನಂತೆ, ಆಮೇಲೆ ಬಲಗೈ ಆದ್ನಂತೆ, ಕೊನೆಗೆ ಪಾರ್ಲಿಮೆಂಟೇ ತಲೆ ತೆಗೆಸ್ತಂತೆ. ಅಂಥದ್ದೇನು ಮಾಡಿದ್ದ? ರಾಜ ಉಳಿಸಬಹುದಿತ್ತಲ್ವಾ?

ಉತ್ತರ: ಇವತ್ತಿನ ಭಾಷೇಲಿ ಪಕ್ಷಾಂತರ ಅನ್ನಿ. ಥಾಮಸ್ ವೆಂಟ್‌ವರ್ತ್ ಅವನ ಹೆಸರು, ಸ್ಟ್ರಾಫರ್ಡ್ ಅನ್ನೋ ಬಿರುದು ಬಂದಿದ್ದು 1640ರಲ್ಲಿ. ರಾಜ ಬಲವಂತದ ಸಾಲ ಎತ್ತೋಕೆ ಹೊರಟಾಗ ಕೊಡಲ್ಲ ಅಂತ 1627ರಲ್ಲಿ ಬಂಧನಕ್ಕೂ ಒಳಗಾಗಿದ್ದ, 1628ರಲ್ಲಿ ಪಾರ್ಲಿಮೆಂಟಲ್ಲಿ ಪ್ರಜೆಗಳ ಹಕ್ಕಿಗಾಗಿ ಗುಡುಗಿದ್ದ, ಆ ವರ್ಷ ಮುಗಿಯೋದ್ರೊಳಗೆ ರಾಜನ ಕಡೆಯಿಂದ ದೊಡ್ಡ ಹುದ್ದೆ ಹಿಡಿದು ಕೂತಿದ್ದ! ಪಾರ್ಲಿಮೆಂಟಲ್ಲಿ ರಾಜನ ವಿರೋಧಿಗಳ ಮುಂದಾಳಾಗಿದ್ದ ಜಾನ್ ಪಿಮ್ ಥರದ ಹಳೇ ಜೊತೆಗಾರರು ಇದನ್ನ ಮರೀಲಿಲ್ಲ.

1633ರಿಂದ ಐರ್ಲೆಂಡ್ ಆಳಿದ. ಕೆಲಸಗಾರ ಅನ್ನೋದ್ರಲ್ಲಿ ಎರಡು ಮಾತಿಲ್ಲ, ಕಸ್ಟಮ್ಸ್ ಆದಾಯ ಏರಿಸಿದ, ಕಡಲ್ಗಳ್ಳರನ್ನ ಮಟ್ಟ ಹಾಕಿದ, ಆದ್ರೆ ಎದುರು ಮಾತಾಡಿದವರನ್ನ ಬಿಡ್ತಿರಲಿಲ್ಲ. ಐರ್ಲೆಂಡಿನ ಆಡಳಿತದಲ್ಲೇ ದೊಡ್ಡ ಅಧಿಕಾರಿ ಆಗಿದ್ದ ಮೌಂಟ್‌ನಾರಿಸ್ ಕಥೆ ಕೇಳಿ. ಗೌಟ್ ಅನ್ನೋ ಕೀಲುನೋವಿಂದ ನರಳ್ತಿದ್ದ ವೆಂಟ್‌ವರ್ತ್ ಕಾಲ ಮೇಲೆ ಮೌಂಟ್‌ನಾರಿಸ್‌ನ ಸಂಬಂಧಿಕ ಒಬ್ಬ ಸ್ಟೂಲ್ ಬೀಳಿಸ್ತಾನೆ, ಮೌಂಟ್‌ನಾರಿಸ್ ಊಟದ ಹೊತ್ತಲ್ಲಿ ಅದು ಸೇಡು ಇರಬಹುದು ಅನ್ನೋ ಥರ ಏನೋ ಅಂದ, ಅಷ್ಟಕ್ಕೇ 1635ರಲ್ಲಿ ಕೋರ್ಟ್ ಮಾರ್ಷಲ್, ಮರಣದಂಡನೆ ತೀರ್ಪು! ಜೀವ ಉಳೀತು, ಕೆಲಸ ಹೋಯ್ತು. ಐರ್ಲೆಂಡಿನ ಪಶ್ಚಿಮದ ಕನಾಟ್‌ನಲ್ಲಿ ವೆಂಟ್‌ವರ್ತ್ ಜಮೀನಿಗೆ ಕೈ ಹಾಕಿ ಕ್ಯಾಥೊಲಿಕರನ್ನ ಎದುರು ಹಾಕ್ಕೊಂಡ, ಪ್ರಾಟೆಸ್ಟೆಂಟ್ ಸಾಹುಕಾರರನ್ನೂ ಬಿಡಲಿಲ್ಲ. ಒಬ್ಬರನ್ನೊಬ್ಬರು ಕಂಡ್ರಾಗದವರೂ ಇವನ ವಿಷಯ ಬಂದ್ರೆ ಒಂದೇ.

1641ರ ಮಾರ್ಚಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ದೇಶದ್ರೋಹದ ವಿಚಾರಣೆ. ಐರ್ಲೆಂಡಿನ ಸೈನ್ಯ ತಂದು ಈ ರಾಜ್ಯವನ್ನ ಬಗ್ಗಿಸಬಹುದು ಅಂತ ರಾಜನಿಗೆ ಹೇಳ್ದ ಅನ್ನೋದು ಮುಖ್ಯ ಆರೋಪ. ಅದು ಆಗ ರಾಜನ ವಿರುದ್ಧ ಎದ್ದಿದ್ದ ಸ್ಕಾಟ್ಲೆಂಡ್ ಬಗ್ಗೆಯೋ ಇಂಗ್ಲೆಂಡ್ ಬಗ್ಗೆಯೋ ಅಂತಾನೇ ಜಗಳ, ಸಾಕ್ಷಿ ಹೇಳಿದ್ದು ರಾಜನ ಇನ್ನೊಬ್ಬ ಮಂತ್ರಿ ಹೆನ್ರಿ ವೇನ್ ಒಬ್ಬನೇ, ದೇಶದ್ರೋಹಕ್ಕೆ ಇಬ್ಬರು ಬೇಕು. ಸ್ಟ್ರಾಫರ್ಡೂ ತನ್ನ ಪರ ತಾನೇ ಚೆನ್ನಾಗಿ ವಾದ ಮಾಡ್ದ. ಕೇಸ್ ನಿಲ್ಲಲ್ಲ ಅಂತ ಗೊತ್ತಾಗಿದ್ದೇ ತಡ, ರೂಟ್ ಬದಲಾಯಿಸಿ ಇವನನ್ನ ಅಪರಾಧಿ ಅಂತ ಘೋಷಿಸೋ ಮಸೂದೇನೇ ತಂದ್ರು, ಪಾರ್ಲಿಮೆಂಟಿನ ಕೆಳಮನೆ ಕಾಮನ್ಸ್‌ನಲ್ಲಿ ಪರ 204, ವಿರುದ್ಧ 59 ವೋಟು. ವಿರುದ್ಧ ವೋಟ್ ಹಾಕಿದವರ ಹೆಸರನ್ನ ದ್ರೋಹಿಗಳು ಅಂತ ಲಂಡನ್‌ನಲ್ಲಿ ಅಂಟಿಸಿದ್ರು. ಅವನ ಆಡಳಿತ ನನಗೇನೂ ಇಷ್ಟ ಇಲ್ಲ, ಆದ್ರೆ ಇದನ್ನ ನ್ಯಾಯ ಅನ್ನೋಕೆ ಬಾಯಿ ಬರಲ್ಲ.

ಇನ್ನು ರಾಜ. ನಿನ್ನ ಜೀವಕ್ಕೆ ಏನೂ ಆಗಲ್ಲ ಅಂತ ಬರೆದುಕೊಟ್ಟಿದ್ದ. ಅರಮನೆ ಹೊರಗೆ ಜನ ಸೇರಿ ಗಲಾಟೆ, ಹೆಂಡತಿ ಮಕ್ಕಳಿಗೆ ಏನಾಗುತ್ತೋ ಅನ್ನೋ ಭಯ, ಸ್ಟ್ರಾಫರ್ಡೇ ನಿಮ್ಮ ಮಾತಿಂದ ನಿಮ್ಮನ್ನ ಬಿಡುಗಡೆ ಮಾಡಿದೀನಿ ಅಂತ ಪತ್ರ ಬರೆದ. ಮೇ 10ಕ್ಕೆ ಆ ಮಸೂದೆಗೆ ರಾಜನ ಒಪ್ಪಿಗೆ, 12ಕ್ಕೆ ಲಂಡನ್ನಿನ ಟವರ್ ಹಿಲ್‌ನಲ್ಲಿ ತಲೆ ಹೋಯ್ತು. ಇನ್ನೊಂದು ವಿಷಯ, ಅದೇ 10ನೇ ತಾರೀಖು ಚಾರ್ಲ್ಸ್ ಮತ್ತೊಂದು ಮಸೂದೆಗೂ ಒಪ್ಪಿಗೆ ಕೊಟ್ಟ: ಈ ಪಾರ್ಲಿಮೆಂಟನ್ನ ಅದರದ್ದೇ ಒಪ್ಪಿಗೆ ಇಲ್ಲದೆ ವಿಸರ್ಜಿಸೋ ಹಾಗಿಲ್ಲ ಅಂತ.